ದೊಡ್ಡಮ್ಮ ಬಾಯಿಬಿಡದ ಅಲರ್ಜಿ

ಸಿ.ಟಿ. ಸ್ಕ್ಯಾನಿಗೆ ಮಲಗಿದ್ದ ದೊಡ್ಡಮ್ಮನ ಕೈಗೆ, ಚಿತ್ರ ಸ್ಪಷ್ಟವಾಗಿ ಬರಲೆಂದು ಕೊಡುವ ಔಷಧಿಯ ಸೂಜಿಯನ್ನು ನರ್ಸ್ ಇನ್ನೇನು ಚುಚ್ಚಬೇಕು, ಆಗ ಅವರು ಬಾಯಿಬಿಟ್ಟರು. "ಮುಂಚೆ ಕಿಡ್ನಿ ಎಕ್ಸ್‌ರೇಗೆ ಇಂಥದ್ದೇ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು ಉಸಿರೇ ಕಟ್ಟಿತ್ತು ಮಾರಾಯ್ತಿ."

ನರ್ಸ್ ಗಾಬರಿಯಿಂದ ಕೈ ಹಿಂದೆಗೆದಳು. ಔಷಧಿ ಯಾವುದಾದರೂ ಒಗ್ಗುವುದಿಲ್ಲವೇ ಎಂದು ವೈದ್ಯರು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದ್ದವರು ಇವರೇ! ಕೊಪ್ಪದಿಂದ ಬರುವಾಗ ಬಸ್ಸಿನಲ್ಲಿ ನಾನೂ ಕೇಳಿದ್ದೆ, ಆಗಲೂ ಇಲ್ಲವೆಂದಿದ್ದರು. ಸಿಟ್ಟು ನೆತ್ತಿಗೇರಿ, ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ಸ್ಕ್ಯಾನ್ ಮಾಡದೆ ವಾಪಸ್ ಕಳಿಸ್ತಿದ್ರು. ಮತ್ತೆ ಇಷ್ಟು ದೂರ ಬಂದದ್ದು ಎಂತಕ್ಕೆ?" ಎಂದು ನನ್ನನ್ನೇ ಗದರಿದರು. ವೈದ್ಯರು ಆ ಔಷಧಿಯಿಲ್ಲದೆಯೇ ಸ್ಕ್ಯಾನ್ ಮಾಡಿಸಿದರು. ನೋಡಬೇಕಾದ್ದು ಅಷ್ಟರಲ್ಲೇ ಕಂಡಿತು.

ಈಗ ಅವರನ್ನು ಯಾವ ಆಸ್ಪತ್ರೆಗೆ ಕರೆದೊಯ್ದರೂ ವೈದ್ಯರು ಕೇಳುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ. ಅಧಿಕಪ್ರಸಂಗಿ ಎಂದು ದೊಡ್ಡಮ್ಮ ಬೈಯುತ್ತಾರೆ. ಬೈಯಲು ಅವರಿದ್ದಾರಲ್ಲ, ಅಷ್ಟು ಸಾಕು.