ಮುಟ್ಟಬಾರದ ಮುಡಿಪು

ನಾನು ವಲಸೆ ಬಂದ ಈ ದೇಶದಲ್ಲಿ, ಪ್ಯಾರಮಟ್ಟಾ ರೈಲು ಸ್ಟೇಷನ್ನಿನ ಹೊರಗೆ ವಯಸ್ಸಾದ ಹೆಂಗಸೊಬ್ಬರು ಮತದಾರರ ಸಹಿ ಸಂಗ್ರಹಿಸುತ್ತಿದ್ದರು. ರಾಜ್ಯದ ತೆರಿಗೆಯಲ್ಲಿ ಒಂದು ಪಾಲು ರೈಲು, ರಸ್ತೆ, ಆಸ್ಪತ್ರೆಗೇ ಮೀಸಲು ಅಂತ ಸಂವಿಧಾನದಲ್ಲೇ ಬರೆಸಬೇಕಂತೆ. ಆಮೇಲೆ ಯಾವ ಸರ್ಕಾರವೂ ಅದನ್ನು ಮುಟ್ಟುವಂತಿಲ್ಲ.

"ನಮ್ಮಲ್ಲಿ ಇದು ಯಾವಾಗಿನಿಂದಲೋ ಇದೆ," ಅಂದೆ ಜೋರಾಗಿ. "ಅಮ್ಮ ತಿಮ್ಮಪ್ಪನ ಹೆಸರಲ್ಲಿ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಡ್ತಾಳೆ. ದೇವರ ದುಡ್ಡು, ಯಾರೂ ಮುಟ್ಟಲ್ಲ."

"ಯಾವತ್ತೂ ಮುಟ್ಟಿಲ್ವಾ?"

"ಒಂದೇ ಸಲ, ನನ್ನ ವೀಸಾ ಫೀಸಿಗೆ. ಆಮೇಲೆ ದೇವರಿಗೆ ಹೆದರಿ, ತಪ್ಪುಕಾಣಿಕೆ ಸೇರಿಸಿ ವಾಪಸ್ ಇಟ್ಲು."

ಆಕೆ ನಕ್ಕು ಪೆನ್ನು ಚಾಚಿದರು. "ನಮ್ಮ ಮಂತ್ರಿಗಳು ಹೆದರೋದು ಓಟು ಹಾಕೋರಿಗೆ ಮಾತ್ರ. ಅದಕ್ಕೇ ಸಹಿ ಹಾಕಪ್ಪ."

ಪೆನ್ನು ವಾಪಸ್ ಕೊಟ್ಟೆ. ನನಗಿರೋದು ಬರೀ ಪಿಆರ್, ಕಾಯಂ ವಾಸದ ಪರವಾನಗಿ; ಓಟಿಲ್ಲ. ಈ ದೇಶದಲ್ಲಿ ನಾನು ತೆರಿಗೆ ಕಟ್ಟಬಹುದು, ಯಾರನ್ನೂ ಹೆದರಿಸುವ ಹಾಗಿಲ್ಲ.