ಇಷ್ಟಲಿಂಗ ಹೊತ್ತ ತೋಳು

ಕೊರೊನಾ ಇಳಿದ ಮರುವರ್ಷ ನಾನು ಕಲಬುರಗಿಯ ಆಸ್ಪತ್ರೆಯೊಂದರ ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಮದುವೆಯಾದ ಮೇಲೆ ನೌಕರಿ ಬಿಟ್ಟು ವಾಡಿಯಲ್ಲಿ ಮನೆ ನೋಡಿಕೊಂಡಿದ್ದೇನೆ. ಆದರೂ ಒಂದು ಕೂಸು ಆಗಾಗ ನೆನಪಾಗುತ್ತದೆ.

ಶಹಾಬಾದ್ ಹತ್ತಿರದ ಭಂಕೂರಿನಿಂದ ಬಂದ ಗಂಡುಕೂಸು ಅದು. ಹುಟ್ಟಿ ಎರಡನೆಯ ದಿನ. ಮಲದ್ವಾರವೇ ಇರಲಿಲ್ಲ. ಹೊಟ್ಟೆ ಉಬ್ಬಿ, ಬಿಗಿದ ಚರ್ಮದಡಿ ನೀಲಿ ನರಗಳು ಕಾಣುತ್ತಿದ್ದವು. ಕೂಡಲೇ ಕೊಲೊಸ್ಟಮಿ ಆಗಬೇಕಿತ್ತು. ಅಂದರೆ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲಕ್ಕೆ ತಾತ್ಕಾಲಿಕ ದಾರಿ ಮಾಡುವುದು. ತಡವಾದರೆ ಕರುಳು ಒಡೆಯುವ ಭಯ.

ಕೂಸಿನ ಎದೆಯ ಮೇಲೆ ಬಿಳಿ ವಸ್ತ್ರದಲ್ಲಿ ಸುತ್ತಿದ ಇಷ್ಟಲಿಂಗವಿತ್ತು. ಥಿಯೇಟರಿಗೆ ಹೋಗುವಾಗ ಮೈಮೇಲೆ ದಾರವೂ ಇರಬಾರದು. ಗಂಟಿಗೆ ಕೈ ಹಾಕಿದೆ. ಕೂಸಿನ ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಬಿಚ್ಚಬ್ಯಾಡ್ರಿ ಸಿಸ್ಟರ್. ಲಿಂಗ ಮೈ ಬಿಟ್ಟಿರಬಾರದ್ರಿ."

"ಯವ್ವಾ, ಡಾಕ್ಟರ್ ಕಾಯಲಿಕತ್ತಾರ," ಎಂದ ಅವರ ಮಗ, ಕೂಸಿನ ತಂದೆ.

"ನೀ ಸುಮ್ನಿರು. ನಿನ್ನ ಲಿಂಗದ ಕರಡಿಗಿ ವಾರಗಟ್ಲೆ ಗೂಟಕ್ಕ ಜೋತಾಡ್ತದ, ನೀ ಏನು ಹೇಳ್ತಿ!"

ಬಾಣಂತಿ ಸೊಸೆ ಗೋಡೆಯ ಕಡೆ ಹೊರಳಿ ಅಳುತ್ತಿದ್ದಳು. ಅವಳ ಎಡತೋಳಿನಲ್ಲಿ ದಾರ ಒತ್ತಿದ ಗುರುತು ಕಂಡಿತು.

"ಇಲ್ಲಿ ಏನು ಕಟ್ಟಿದ್ರಿ ಆಯಿ?" ಎಂದು ಅಜ್ಜಿಯನ್ನು ಕೇಳಿದೆ.

"ಇದೇ ಲಿಂಗ್ರಿ. ಎಂಟು ತಿಂಗಳಾದಾಗ ಸ್ವಾಮಿಗೋಳು ಬಂದು ಕೂಸಿನ ಹೆಸರಿಲೆ ಆಕಿಗಿ ಕಟ್ಟಿದ್ರು. ಹುಟ್ಟಿದ ಮ್ಯಾಲ ಕೂಸಿಗಿ ಕಟ್ಟೀವಿ."

ಕಾನ್ವೆಂಟಿನಲ್ಲಿ ಬೆಳೆದ ನನಗೆ ಈ ಪದ್ಧತಿ ತಿಳಿದಿರಲಿಲ್ಲ. "ಹಂಗಾದ್ರ ಆಪರೇಷನ್ ಮುಗಿಯೋತನಕ ಅವರೇ ಮತ್ತ ಕಟ್ಕೊಂಡ್ರ ನಡೀತದೇನ್ರಿ?"

ಅಜ್ಜಿ ಸೊಸೆಯ ಮುಖ ನೋಡಿದರು. "ನಡೀತದ. ಒಂಬತ್ತು ತಿಂಗಳು ಹೊತ್ತಾಳ, ಇನ್ನೊಂದೀಟು ಹೊರ್ತಾಳ."

ತಾವೇ ಗಂಟು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಸೊಸೆಯ ತೋಳಿಗೆ ಕಟ್ಟಿದರು. ಅವಳು ಅಳು ನಿಲ್ಲಿಸಿ ಅದರ ಮೇಲೆ ಅಂಗೈ ಇಟ್ಟುಕೊಂಡಳು. ನಾನು ಕೂಸನ್ನೆತ್ತಿಕೊಂಡು ಹೊರಟೆ.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಮರುದಿನ ಹೊಸ ದಾರಿಯಿಂದ ಮಲ ಬಂದಾಗ ತಂದೆ ಮೂಗು ಮುಚ್ಚಿಕೊಂಡ.

"ಕೈ ತೆಗಿಯಲೇ ಹುಚ್ಚಾ! ಇದು ಬರಲಿ ಅಂತೇ ಅಲ್ಲೇನು ಎಲ್ಲರೂ ಉಪಾಸ ಕುಂತಿದ್ದು!" ಎಂದು ಅಜ್ಜಿ ಗದರಿದರು.

ಇಡೀ ವಾರ್ಡು ನಕ್ಕಿತು. ಮುಂದೆ ಇನ್ನೆರಡು ಶಸ್ತ್ರಚಿಕಿತ್ಸೆಗಳಾಗಿ ಕೂಸು ಪೂರ್ತಿ ಸುಧಾರಿಸಿತು.

ಆಮೇಲೆ ನೌಕರಿ ಬಿಡುವವರೆಗೂ ತಾಯತ, ಉಡದಾರ, ಶಿಲುಬೆ ಏನೇ ಇದ್ದರೂ ನಾನು 'ತೆಗೀರಿ' ಎನ್ನಲಿಲ್ಲ. 'ಇದು ಯಾರ ಹತ್ತಿರ ಇರಲಿ?' ಎಂದು ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಯಾರಾದರೊಬ್ಬರು ಕೈ ಚಾಚುತ್ತಿದ್ದರು.