ಮಸೂತಿ ಮಡ್ಡಿಯ ಸುಣ್ಣಕಲ್ಲು

ನನ್ನ ಹಳೆಯ ಮೇಲಧಿಕಾರಿ ತೀರಿಕೊಂಡ ಸುದ್ದಿ ಬಂದ ದಿನ ನಾನು ಎರಡು ಕಪ್ ಚಹಾ ಕುಡಿದೆ. ಒಂದು ದಿನನಿತ್ಯದ ರೂಢಿಗೆ, ಇನ್ನೊಂದು ಖುಷಿಗೆ. ಹೀಗೆ ಬರೆಯುವುದು ಸಣ್ಣತನ ಎಂದು ನನ್ನ ಹೆಂಡತಿ ಬೈಯುತ್ತಾಳೆ. ಬೈಯಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಮನುಷ್ಯ ನನಗೆ ಮಾಡಿದ್ದನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ. ಅವರ ಮೇಲೆ ನಾನು ಸೇಡು ತೀರಿಸಿಕೊಂಡ ಕತೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ನಾನು ಎಂಥವನಾಗಿ ಕಾಣುತ್ತೇನೆ ಎನ್ನುವುದನ್ನು ಓದುವವರು ನೋಡಿಕೊಳ್ಳಲಿ.

ಆಗ ನಾನು ಸರ್ಕಾರಿ ಭೂವಿಜ್ಞಾನಿ, ನೌಕರಿಗೆ ಹೊಸಬ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಮಣ್ಣಿನ ಕೆಳಗೆ ಯಾವ ಬಂಡೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ನಡೆದು ನೋಡಿ ನಕ್ಷೆಗೆ ಇಳಿಸುವುದು ನನ್ನ ಕೆಲಸ. ಮಳೆ ನಿಂತ ಮೇಲೆ ಡೇರೆ ಹಾಕಿದರೆ ಬಿಸಿಲು ಓಡಿಸುವ ತನಕ ಅಲ್ಲೇ. ಕರಿಮಣ್ಣಿನ ಸೀಮೆಯಲ್ಲಿ ಬಂಡೆ ಸುಲಭಕ್ಕೆ ಮುಖ ತೋರಿಸುವುದಿಲ್ಲ. ಅದಕ್ಕಾಗಿ ನಾನು ಬಾವಿಗಳಿಗೆ ಇಳಿಯುತ್ತಿದ್ದೆ. ಇಂಡಿಯ ನಿಂಬೆ ತೋಟಗಳ ಬಾವಿ, ತಾಂಬಾದ ಹೊಲಗಳ ಬಾವಿ, ಸಿಂದಗಿ ಕಡೆಯ ಹಾಳು ಬಾವಿ, ಎಲ್ಲಕ್ಕೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದೇನೆ. ಒಳಗೆ ಗೋಡೆಯುದ್ದಕ್ಕೂ ಲಾವಾ ಹೆಪ್ಪುಗಟ್ಟಿದ ಕರಿಕಲ್ಲು, ಪದರದ ಮೇಲೆ ಪದರ. ಎರಡು ಪದರಗಳ ನಡುವೆ ಇಟ್ಟಿಗೆ ಬಣ್ಣದ ಮಣ್ಣಿನ ಗೆರೆ. ಆ ಗೆರೆ ಎಷ್ಟು ಆಳದಲ್ಲಿದೆ ಎಂದು ಟೇಪು ಹಿಡಿದು ಅಳೆದು ಮೇಲೆ ಬಂದರೆ ಬಾವಿಯ ಒಡೆಯ ಕಾದು ನಿಂತಿರುತ್ತಿದ್ದ.

"ನೀರ ಎಲ್ಲೈತ್ರಿ ಸಾಹೇಬ್ರ?"

"ನಾ ನೀರ ನೋಡಾಂವಲ್ರಿ, ಕಲ್ಲ ನೋಡಾಂವ."

"ಕಲ್ಲ ನೋಡಾಕ ಬಾವಿಗಿ ಯಾಕ ಇಳೀತೀರಿ? ಹೊರಗ ಎಷ್ಟ ಬಿದ್ದಾವ!"

ಮುದ್ದೇಬಿಹಾಳದ ಕಡೆಗೆ ಬಂದರೆ ಈ ಕರಿಕಲ್ಲು ತೆಳುವಾಗುತ್ತಾ ಮುಗಿದು, ಅದರ ಅಡಿಯಿಂದ ಸುಣ್ಣಕಲ್ಲು ಹೊರಗೆ ಇಣುಕುತ್ತದೆ. ತಾಳಿಕೋಟಿ ಸುತ್ತ ಜನ ಮನೆಗೆ ಹಾಸುವ ಪರಸಿ ಕಲ್ಲು ಇದೇ. ಕರಿಕಲ್ಲು ಮುಗಿಯುವ ಆ ಅಂಚನ್ನು ಹೊಲದಿಂದ ಹೊಲಕ್ಕೆ, ಹಳ್ಳದಿಂದ ಹಳ್ಳಕ್ಕೆ ಎರಡು ವರ್ಷ ನಡೆದು ಗುರುತಿಸಿದವನು ನಾನು. ನಕ್ಷೆಯ ಮೇಲೆ ಕರಿಕಲ್ಲಿಗೆ ಹಸಿರು ಪೆನ್ಸಿಲ್, ಸುಣ್ಣಕಲ್ಲಿಗೆ ನೀಲಿ. ಎರಡೂ ಸೇರುವ ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದೆ. ಅಚ್ಚಾದ ನಕ್ಷೆಯ ಕೆಳಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ನಡೆದವನ ಹೆಸರು ಬರುತ್ತದೆ. ನನ್ನ ಅಪ್ಪ ಹಳ್ಳಿಯ ಸಾಲಿ ಮಾಸ್ತರ. ಅಚ್ಚಾದ ಮೇಲೆ ಒಂದು ಪ್ರತಿ ತಂದು ಕೊಡು, ಗೋಡೆಗೆ ಹಾಕಿ ಮಕ್ಕಳಿಗೆ ತೋರಿಸುತ್ತೇನೆ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ, ಆ ಮೂಲೆಯಲ್ಲಿ ನನ್ನ ಹೆಸರು.

ಎರಡನೆಯ ವರ್ಷ ದೀಪಾವಳಿ ಮುಗಿದ ಹೊಸತರಲ್ಲಿ ಮಸೂತಿ ಹತ್ತಿರದ ಒಂದು ಮಡ್ಡಿಯಲ್ಲಿ, ಅಂದರೆ ಬೆಳೆ ಬಾರದ ಕಲ್ಲುನೆಲದಲ್ಲಿ, ನಾನು ನಡೆಯುತ್ತಿದ್ದೆ. ಸುತ್ತ ಹರದಾರಿಗಟ್ಟಲೆ ಕರಿಕಲ್ಲು. ಇದ್ದಕ್ಕಿದ್ದಂತೆ ಕಾಲ ಕೆಳಗೆ ಬೂದು ಬಣ್ಣದ ಚಪ್ಪಡಿ. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು, ಅಂಚಿಗೆ ಅಂಚು ಕೂಡಿಕೊಂಡು ಮಣ್ಣಿನ ಅಡಿಯಲ್ಲಿ ಮಟ್ಟಸವಾಗಿ ಮಲಗಿದ್ದವು. ಚೀಲದಿಂದ ಆಮ್ಲದ ಸೀಸೆ ತೆಗೆದು ಒಂದು ಹನಿ ಬಿಟ್ಟೆ. ಬುರುಬುರು ನೊರೆ ಬಂತು. ಸುಣ್ಣಕಲ್ಲು! ಕರಿಕಲ್ಲಿನ ನಟ್ಟನಡುವೆ! ಪಕ್ಕದ ಚಪ್ಪಡಿಗೂ ಒಂದು ಹನಿ ಬಿಟ್ಟೆ.

ಹಿಂದಿನಿಂದ ಯಾರೋ ನಕ್ಕರು. ತಿರುಗಿ ನೋಡಿದರೆ ಕಂಬಳಿ ಹೊದ್ದ ಮುದುಕಿ. ಅಲ್ಲೇ ಗುಡಿಸಲು ಅವಳದು. ಮಗ, ಸೊಸೆ ಕುರಿ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗಿದ್ದರು.

"ಯಾಕ ನಗತೀರಿ ಆಯಿ?"

"ನಗದ ಏನ ಮಾಡ್ಲೋ ತಮ್ಮಾ. ಕುರಿ ದೊಡ್ಡಿಗಿ ಔಷಧ ಹಾಕಾಕತ್ತೀಯಲ್ಲ. ಇದು ನೆಲದಾಗ ಹುಟ್ಟಿದ ಕಲ್ಲಲ್ಲ. ನಮ್ಮ ಮನಿಯಾಂವ ಚಕ್ಕಡಿ ಕಟ್ಟಿ ತಾಳಿಕೋಟಿ ಕಡಿಂದ ತಂದು ಹಾಸಿದ್ದು. ಮಳಿಗಾಲಕ್ಕ ಕುರಿ ಇಲ್ಲೇ ನಿಲ್ಲತಾವ. ಕೆಸರಾಗ ನಿಂತ್ರ ಕಾಲ ಕೊಳೀತಾವ ನೋಡು."

ಮಳೆ ಮುಗಿದು ಕುರಿ ಹೊರಬಿದ್ದ ಮೇಲೆ ಮುಳ್ಳಿನ ಬೇಲಿ ಕಿತ್ತು ಒಲೆಗೆ ಹಾಕುತ್ತಾರೆ. ಹಾಸಿನ ಮೇಲೆ ಹಿಕ್ಕೆ, ಮಣ್ಣು ಕೂಡುತ್ತವೆ. ಅಲ್ಲೊಂದು ದೊಡ್ಡಿಯಿದೆ ಎಂದು ಹೊರಗಿನವನಿಗೆ ಗೊತ್ತಾಗುವುದು ಹೇಗೆ? ಅವಳು ನನಗೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಕೊಟ್ಟಳು. ಗಂಡ ಒಂದೊಂದೇ ಚಪ್ಪಡಿಯನ್ನು ಅಡಿಗೆ ಗರಸುಮಣ್ಣು ಬಡಿದು ಕೂರಿಸಿದ್ದು, ಆ ದುಡಿತದಲ್ಲಿ ಅವನ ಸೊಂಟ ಹೋದದ್ದು ಎಲ್ಲ ಹೇಳಿದಳು. ನಾನು ಕಲಿತವನು, ಕುರಿ ನಿಲ್ಲಿಸುವ ಜಾಗದಲ್ಲಿ ಮೋಸ ಹೋಗಿದ್ದೆ. ಆ ಸಂಜೆ, ದಿನದಿನದ ಕೆಲಸ ಬರೆದಿಡುವ ಸರ್ಕಾರಿ ಡೈರಿಯಲ್ಲಿ ಅದನ್ನು ಬರೆಯಲು ನಾಚಿಕೆಯಾಗಿ ಬಿಟ್ಟುಬಿಟ್ಟೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಮೇಲಧಿಕಾರಿ ಬಾಗೇವಾಡಿಯ ಪ್ರವಾಸಿ ಮಂದಿರಕ್ಕೆ ಬಂದಿಳಿದರು. ಮೈಸೂರಿನ ಕಡೆಯವರು, ಇಸ್ತ್ರಿ ಮುರಿಯದ ಅಂಗಿ. ಜೀಪಿನಿಂದ ಇಳಿಯದೆ ಎಷ್ಟು ಭೂವಿಜ್ಞಾನ ಮಾಡಬಹುದೋ ಅಷ್ಟನ್ನೂ ಮಾಡಿದವರು. ಬೆಂಗಳೂರಿಗೆ ಕಳಿಸಲು ಸಿದ್ಧವಾಗಿದ್ದ ನಕ್ಷೆ ಮೇಜಿನ ಮೇಲಿತ್ತು. ಗೆರೆ ನನ್ನದು, ಹಸಿರು ನನ್ನದು, ನೀಲಿ ನನ್ನದು. ಕೆಳಮೂಲೆಯಲ್ಲಿ ಅವರ ಹೆಸರೊಂದೇ ಇತ್ತು. ನನ್ನ ಹೆಸರಿದ್ದ ಜಾಗವನ್ನು ಬ್ಲೇಡಿನಿಂದ ಹೆರೆದಿದ್ದರು. ಕಾಗದ ಅಲ್ಲಿ ತೆಳುವಾಗಿತ್ತು.

"ಸರ್, ನನ್ನ ಹೆಸರು?"

"ನೀವಿನ್ನೂ ಚಿಕ್ಕವರು ಕಣ್ರೀ. ಮುಂದೆ ಎಷ್ಟೋ ನಕ್ಷೆ ಮಾಡ್ತೀರ. ಕಾಫಿ ಆಯ್ತಾ?"

ಆ ಬ್ಲೇಡಿನಿಂದ ಅವರ ಮೂಗು ಹೆರೆಯಬೇಕು ಅನ್ನಿಸಿತು. "ಆಯ್ತು ಸರ್" ಎಂದು ಹೊರಗೆ ಬಂದು ಬೇವಿನ ಮರಕ್ಕೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದೆ. ಆ ಮನುಷ್ಯನಿಗೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಅವರೇ ಒದಗಿಸಿಕೊಟ್ಟರು. ಒಂದು ಬೆಳಗ್ಗೆ ಮಸೂತಿ ದಾರಿಯಲ್ಲಿ ಹೊಟ್ಟೆ ಕೆಟ್ಟು, ಜೀಪು ನಿಲ್ಲಿಸಿ, ಚೊಂಬು ಹಿಡಿದು ಮಡ್ಡಿಗೆ ಹೋದರು. ಹೋದವರು ಓಡುತ್ತಾ ಬಂದರು, ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಕಲ್ಲು. ಆಮ್ಲ ತರಿಸಿದರು, ಹನಿ ಬಿಟ್ಟರು, ನೊರೆ ಬಂತು.

"ಏನ್ರೀ ಇದು? ಎರಡು ಸೀಸನ್ನು ಇಲ್ಲೇ ಓಡಾಡಿದ್ದೀನಿ ಅಂತೀರಿ. ಇಷ್ಟು ದೊಡ್ಡ ಸುಣ್ಣಕಲ್ಲು ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಎಂದು ಡ್ರೈವರ್, ಜವಾನರ ಎದುರಿಗೆ ಕೂಗಾಡಿದರು.

ಸತ್ಯ ಹೇಳಲು ನನಗೆ ಎರಡು ವಾಕ್ಯ ಸಾಕಾಗಿತ್ತು. ನಾನು ತಲೆ ತಗ್ಗಿಸಿ, "ತಪ್ಪಾಯ್ತು ಸರ್, ನೋಡಲಿಲ್ಲ" ಎಂದೆ. ತಗ್ಗಿಸಿದ ತಲೆಯೊಳಗೆ ನಗುತ್ತಿದ್ದೆ. ಅವರು ನನ್ನ ನಕ್ಷೆಯ ಹಸಿರಿನ ನಡುವೆ ತಮ್ಮ ಕೈಯಿಂದ ಒಂದು ನೀಲಿ ಚುಕ್ಕೆ ಬರೆದರು. ಸಿಮೆಂಟಿಗೆ ಬರುವ ಸುಣ್ಣಕಲ್ಲು ಹೊಸದಾಗಿ ಪತ್ತೆಯಾಗಿದೆ ಎಂದು ಬೆಂಗಳೂರಿಗೆ ವರದಿ ಹೋಯಿತು. ಬರೆದುಕೊಟ್ಟವನು ನಾನೇ. ನನ್ನ ಅಕ್ಷರ ಚೆನ್ನಾಗಿತ್ತು, ಅಂದು ಇನ್ನಷ್ಟು ಚೆನ್ನಾಗಿ ಬರೆದೆ.

ಜಾಗ ನೋಡಲು ಬೆಂಗಳೂರಿನ ದೊಡ್ಡ ಸಾಹೇಬರೇ ಬರುತ್ತಾರೆ ಎಂದು ತಂತಿ ಬಂತು. ಆ ದಿನಗಳಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ನಡೆಯುವಾಗ ಸಿಳ್ಳೆ ಹಾಕುತ್ತಿದ್ದೆ.

ಅವರು ಬರುವ ದಿನ ಬೆಳಗ್ಗೆಯೇ ಆಳುಗಳನ್ನು ಕರೆದುಕೊಂಡು ಮಡ್ಡಿಗೆ ಹೋದೆವು. ಮೇಲಧಿಕಾರಿಗೆ ಮಾದರಿ ಕಲ್ಲಿನ ಮೂಟೆಗಳು ಬೇಕಿದ್ದವು. ಆಳುಗಳು ದೊಡ್ಡ ಸುತ್ತಿಗೆ ಎತ್ತಿ ಚಪ್ಪಡಿಗಳನ್ನು ಒಡೆಯತೊಡಗಿದರು. ಮುದುಕಿ ಗುಡಿಸಲಿನಿಂದ ಓಡಿ ಬಂದಳು.

"ಒಡೀಬ್ಯಾಡ್ರಿ ಸಾಹೇಬ್ರ! ಇದು ಕುರಿ ದೊಡ್ಡಿರಿ! ನಾವು ಹಾಸಿದ ಕಲ್ಲರಿ!"

"ಪಕ್ಕಕ್ಕೆ ಹೋಗಮ್ಮಾ. ಇದು ಕೋಟ್ಯಂತರ ವರ್ಷದ ಕಲ್ಲು. ಇವಳು ಹಾಸಿದ್ದಂತೆ!" ಎಂದು ಮೇಲಧಿಕಾರಿ ನಕ್ಕರು. ಆಳುಗಳೂ ನಕ್ಕರು.

ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ಮುಖದ ಮೇಲೆ ಧೈರ್ಯ ಬಂದದ್ದು ನನಗೆ ಕಾಣಿಸಿತು. "ಈ ತಮ್ಮನ್ನ ಕೇಳ್ರಿ! ದೀಪಾವಳಿ ಆದಮ್ಯಾಲ ಬಂದಿದ್ದ, ನನ್ನ ಮನ್ಯಾಗ ಉಂಡಾನ. ಎಲ್ಲಾ ಹೇಳೇನಿ ಇಂವಗ. ಹೇಳೋ ತಮ್ಮಾ!"

ಸುತ್ತಿಗೆಗಳು ನಿಂತವು. ಎಲ್ಲರೂ ನನ್ನನ್ನೇ ನೋಡಿದರು. ಇನ್ನೊಂದು ಗಂಟೆಯಲ್ಲಿ ದೊಡ್ಡ ಸಾಹೇಬರು ಬರುವವರಿದ್ದರು. ಈಗ ಬಾಯಿಬಿಟ್ಟರೆ ಮೇಲಧಿಕಾರಿ ಬಚಾವ್, ವರದಿಯನ್ನು ಏನೋ ಒಂದು ನೆಪ ಹೇಳಿ ವಾಪಸ್ಸು ತೆಗೆದುಕೊಳ್ಳುತ್ತಾರೆ. ನಾನು ಕಾದಿದ್ದೆಲ್ಲ ನೀರುಪಾಲಾಗುತ್ತದೆ.

"ಬೇರೆ ಯಾರನ್ನೋ ನೋಡಿರಬೇಕು ಸರ್," ಎಂದೆ. "ನಾನು ಆಗ ಈ ಕಡೆ ಬಂದೇ ಇಲ್ಲ."

ಅವಳು ಸೆರಗು ಎಳೆದುಕೊಂಡು ಗುಡಿಸಲಿನ ಮುಂದೆ ಹೋಗಿ ಕುಳಿತಳು. ಸುತ್ತಿಗೆಗಳು ಮತ್ತೆ ಎದ್ದವು. ದೊಡ್ಡ ಸಾಹೇಬರ ಜೀಪು ಬರುವ ಹೊತ್ತಿಗೆ ದೊಡ್ಡಿಯ ಮುಕ್ಕಾಲು ಪಾಲು ಚೂರಾಗಿ ಮೂಟೆ ಸೇರಿತ್ತು.

ದೊಡ್ಡ ಸಾಹೇಬರು ವಯಸ್ಸಾದವರು, ಮಾತು ಕಡಿಮೆ. ಚಪ್ಪಡಿಯ ಕೆಳಗೆ ಕಂಡ ಗರಸನ್ನು ಮೇಲಧಿಕಾರಿ ಎರಡು ಪದರಗಳ ನಡುವಿನ ಮಣ್ಣು ಎಂದು ವಿವರಿಸಿದರು. ದೊಡ್ಡ ಸಾಹೇಬರು ಹಾರೆ ಹಾಕಿಸಿದರು. ಗೇಣುದ್ದ ಇಳಿಯುವುದರೊಳಗೆ ಹಾರೆ ಠಣ್ಣೆಂದಿತು. ಕರಿಕಲ್ಲು. ಇನ್ನೊಂದು ಕಡೆ ಹಾಕಿಸಿದರು, ಅಲ್ಲೂ ಕರಿಕಲ್ಲು; ನೆಲದಲ್ಲಿ ಹುಟ್ಟಿದ ಸುಣ್ಣಕಲ್ಲಾದರೆ ಅದು ಕರಿಕಲ್ಲಿನ ಅಡಿಯಲ್ಲಿರಬೇಕಿತ್ತು, ಮೇಲಲ್ಲ. ಮೂರನೆಯ ಕಡೆ ಗರಸಿನೊಳಗಿಂದ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಬಂತು. ದೊಡ್ಡ ಸಾಹೇಬರು ಅದನ್ನು ಒರೆಸಿ, ತಿರುಗಿಸಿ ನೋಡಿದರು. ಎತ್ತಿನ ಕಾಲಿನ ಲಾಳ.

"ಕೋಟ್ಯಂತರ ವರ್ಷದ ಹಿಂದೆ ಎತ್ತಿಗೆ ಲಾಳ ಯಾರ್ರೀ ಹೊಡೆದರು?"

ಮೇಲಧಿಕಾರಿಯ ಮುಖ ಬಿಳಿಚಿತು. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಒದ್ದೆಯಾಯಿತು. ಆ ಗಳಿಗೆಯ ರುಚಿಯನ್ನು ನಾನು ಸುಳ್ಳು ಹೇಳಿ ಕಡಿಮೆ ಮಾಡುವುದಿಲ್ಲ. ಅದು ಹಬ್ಬದೂಟಕ್ಕಿಂತ ರುಚಿಯಾಗಿತ್ತು. ಇನ್ನು ಉಳಿದದ್ದು ಒಂದೇ, ನನ್ನ ಹೆಸರು. ಮುಂದೆ ಬಂದು, "ಸರ್, ಈ ನಕ್ಷೆ ಮಾಡಿದವನು ನಾನು. ಇದು ತಂದು ಹಾಸಿದ ಕಲ್ಲು ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ನನ್ನ ನಕ್ಷೆಯಲ್ಲಿ ಇದು ಇರಲಿಲ್ಲ. ಆ ನೀಲಿ ಚುಕ್ಕೆ ಇವರದ್ದು" ಎಂದೆ.

ಮೇಲಧಿಕಾರಿ ಚೇಳು ಕುಟುಕಿದವರಂತೆ ತಿರುಗಿದರು. "ಸುಳ್ಳು ಸರ್! ಈಗಷ್ಟೇ ಎಲ್ಲರ ಮುಂದೆ ಈ ಕಡೆ ಬಂದೇ ಇಲ್ಲ ಅಂದರು. ಡೈರಿ ನೋಡಿ, ಈ ಮಡ್ಡಿ ಬಗ್ಗೆ ಒಂದಕ್ಷರ ಇಲ್ಲ. ಡೇರೆಯಲ್ಲಿ ಮಲಗಿಕೊಂಡು ಗೆರೆ ಎಳೆದಿದ್ದಾರೆ."

ದೊಡ್ಡ ಸಾಹೇಬರು ಡೈರಿ ತರಿಸಿ ತಿರುವಿದರು. ಒಂದಕ್ಷರವೂ ಇರಲಿಲ್ಲ. ಎರಡು ವರ್ಷದ ನನ್ನ ನಡಿಗೆಯೆಲ್ಲ ಒಂದೇ ಕ್ಷಣದಲ್ಲಿ ಅನುಮಾನಕ್ಕೆ ಬಿತ್ತು. ಗುಡಿಸಲಿನ ಕಡೆ ಕೈ ತೋರಿಸಿ, "ಆ ಆಯಿಯನ್ನು ಕೇಳಿ ಸರ್. ನನಗೆ ಹೇಳಿದವರೇ ಅವರು" ಎಂದೆ.

ಅವಳನ್ನು ಕರೆಸಿದರು. ದೊಡ್ಡ ಸಾಹೇಬರು ಮರ್ಯಾದೆಯಿಂದಲೇ ಕೇಳಿದರು, "ಇವರು ಮೊದಲು ಇಲ್ಲಿಗೆ ಬಂದಿದ್ದರೇನಮ್ಮಾ?"

ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದಳು.

"ಇಲ್ರಿ. ಈ ಸಾಹೇಬ್ರನ್ನ ನಾ ಇವತ್ತ ನೋಡಾಕತ್ತೇನ್ರಿ."

ಮೇಲಧಿಕಾರಿಗೆ ದೂರದ ಕಚೇರಿಗೆ ವರ್ಗವಾಯಿತು. ನಕ್ಷೆಯನ್ನು ಬೇರೊಬ್ಬರು ಹೊಸದಾಗಿ ನಡೆದು ನೋಡಿದರು. ಅಂಚಿನ ಗೆರೆ ನಾನು ಎಳೆದಲ್ಲೇ ಇತ್ತು, ಒಂದು ಹೊಲದಷ್ಟೂ ಆಚೀಚೆ ಆಗಲಿಲ್ಲ. ನಕ್ಷೆ ಆ ಹೊಸಬರ ಹೆಸರಿನಲ್ಲಿ ಅಚ್ಚಾಯಿತು. ಅಪ್ಪನಿಗೆ ನಾನು ಪ್ರತಿ ಕಳಿಸಲಿಲ್ಲ. ಮೇಲಧಿಕಾರಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಅವರು ಸತ್ತ ಮೇಲೂ.

ಆದರೆ ಅಂದು ಜೀಪುಗಳು ಹೊರಟ ಮೇಲೆ ನಾನೊಬ್ಬನೇ ಹಿಂದೆ ಉಳಿದಿದ್ದೆ. ಮುದುಕಿ ಅವರು ಬಿಟ್ಟುಹೋದ ಮೂಟೆ ಬಿಚ್ಚಿ ಚೂರುಗಳನ್ನು ತೆಗೆದು, ಯಾವುದು ಯಾವುದಕ್ಕೆ ಕೂಡುತ್ತದೆ ಎಂದು ನೆಲದ ಮೇಲೆ ಇಟ್ಟು ನೋಡುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಉಕ್ಕಿತ್ತು.

"ಸುಳ್ಳ ಯಾಕ ಹೇಳಿದ್ರಿ ಆಯಿ? ನನ್ನ ಜೀವನ ಹಾಳಾತು."

ಅವಳು ತಲೆ ಎತ್ತಲಿಲ್ಲ.

"ನಿನ್ನ ಸಿಟ್ಟ ಅಂವನ ಮ್ಯಾಲ ಇತ್ತು. ಒಡದದ್ದು ನನ್ನ ಗಂಡ ಹಾಸಿದ ಕಲ್ಲ. ಮೊದಲನೇ ಸುತ್ತಿಗಿ ಬೀಳೂಮುಂದ ನೀ ಇಲ್ಲೇ ನಿಂತಿದ್ದಿ."